ಕಾರ್ಡ್ ಸುಮ್ಮನಿದ್ದರೆ ರೀಡರ್ ಎಷ್ಟು ಹೊತ್ತು ಕಾಯುತ್ತದೆ?

ಪ್ರಶ್ನೆ: ಯಂತ್ರಕ್ಕೆ ಹಾಕಿದ ಚಿಪ್ ಕಾರ್ಡ್ ಕೆಟ್ಟಿದೆಯೋ, ಇನ್ನೂ ಲೆಕ್ಕ ಮಾಡುತ್ತಿದೆಯೋ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ?

ಉತ್ತರ: ಎಷ್ಟು ಕಾಯಬೇಕೆಂದು ಕಾರ್ಡೇ ಮೊದಲು ಹೇಳಿರಬಹುದು; ಹೇಳದಿದ್ದರೆ ನಿಗದಿತ ಗಡುವು ಇದೆ. ಚಿಪ್‌ಗೆ ವಿದ್ಯುತ್ತೂ ಕ್ಲಾಕ್ ಸಂಕೇತವೂ ರೀಡರ್‌ನಿಂದಲೇ ಬರಬೇಕು. ಹಾಗಾಗಿ ಐಎಸ್‌ಒ 7816-3 ಮಾನದಂಡ ಕಾಲವನ್ನು ಅಳೆಯುವುದು ಕ್ಲಾಕಿನ ಮಿಡಿತಗಳಲ್ಲಿ. ಆರಂಭದಲ್ಲಿ ಒಂದು ಬಿಟ್ಟಿಗೆ 372 ಮಿಡಿತ. ಈ ಅವಧಿಯ ಹೆಸರು ಇಟಿಯು. ಕ್ಲಾಕ್ 3.5712 ಮೆಗಾಹರ್ಟ್ಸ್ ಇದ್ದರೆ ಸೆಕೆಂಡಿಗೆ ಸರಿಯಾಗಿ 9,600 ಬಿಟ್ ಸಾಗುತ್ತವೆ.

ರೀಸೆಟ್ ಆದೊಡನೆ ಕಾರ್ಡ್ ಕಳಿಸುವ ಎಟಿಆರ್ ಎಂಬ ಮೊದಲ ಉತ್ತರದಲ್ಲಿ ಕಾಯುವಿಕೆಯ ಅಂಕಿ ಇರಬಹುದು. ಕಾರ್ಡ್ ಮತ್ತು ರೀಡರ್ ಮಾತಾಡುವ ಪದ್ಧತಿಗಳಾದ ಟಿ=0, ಟಿ=1ರ ಪೈಕಿ ಟಿ=0ರಲ್ಲಿ ಅದನ್ನು 960ರಿಂದ ಗುಣಿಸುತ್ತಾರೆ. ಕಾರ್ಡ್ ಏನೂ ಹೇಳದಿದ್ದರೆ ಅಂಕಿ 10. ಅಂದರೆ 9,600 ಇಟಿಯು, ಮೇಲಿನ ವೇಗದಲ್ಲಿ ಒಂದು ಸೆಕೆಂಡ್. ಟಿ=1ರಲ್ಲಿ ಲೆಕ್ಕ ಬೇರೆ; ಅಲ್ಲಿ ಸಾಮಾನ್ಯ ಗಡುವು ಸುಮಾರು 1.6 ಸೆಕೆಂಡ್.

ಆದರೆ ಕಾರ್ಡಿನೊಳಗೇ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಕೀಲಿ ತಯಾರಾಗಲು ಹಲವು ಸೆಕೆಂಡ್ ಹಿಡಿಯಬಹುದು. ಇದಕ್ಕೆ ಮಾನದಂಡ ಕೊಟ್ಟಿರುವ ಪರಿಹಾರ ನನಗೆ ಬಹಳ ಇಷ್ಟ: ಗಡುವು ಮುಗಿಯುವ ಮುನ್ನ ಟಿ=0 ಕಾರ್ಡ್ ಹೆಕ್ಸ್ 60 ಎಂಬ ಒಂದೇ ಬೈಟ್ ಕಳಿಸುತ್ತದೆ, ರೀಡರ್ ಮತ್ತೆ ಮೊದಲಿನಿಂದ ಎಣಿಸುತ್ತದೆ. ಟಿ=1 ಕಾರ್ಡ್ ಹೆಚ್ಚಿನ ಸಮಯವನ್ನು ಕೇಳಿಯೇ ಪಡೆಯುತ್ತದೆ. ಇವೆರಡೂ ಇಲ್ಲದೆ ಗಡುವು ಮೀರಿದರೆ ಮಾತ್ರ ರೀಡರ್ ಅದನ್ನು ದೋಷವೆಂದು ಪರಿಗಣಿಸುತ್ತದೆ.