ಮನೆಯ ಮಾಳಿಗೆಗೆ ಉಪಗ್ರಹ ದೂರದರ್ಶನ

ಕೊಹೀರ್, ಜಹೀರಾಬಾದ್, ನಾರಾಯಣಖೇಡ್, ತಾಂಡೂರು, ಈ ಸೀಮೆಯ ಯಾವ ಊರಿಗೆ ಹೋದರೂ ಮಾಳಿಗೆಗಳ ಮೇಲೆ ಬೋಗುಣಿಯ ಆಕಾರದ ಸಾಧನವೊಂದು ಆಕಾಶದತ್ತ ಮುಖಮಾಡಿ ನಿಂತಿರುವುದನ್ನು ಕಾಣಬಹುದು. ಜನರು ಇದನ್ನು ಡಿಶ್ ಎಂದು ಕರೆಯುವರು. ಇದನ್ನು ಹೊಸದಾಗಿ ಹಾಕಿಸುವ ಪಾಲಕರು ಸಾಮಾನ್ಯವಾಗಿ ಎರಡೇ ಪ್ರಶ್ನೆಗಳನ್ನು ಕೇಳುತ್ತಾರೆ. ಚಾನೆಲ್‌ಗಳು ಎಷ್ಟು ಬರುತ್ತವೆ? ತಿಂಗಳಿಗೆ ಎಷ್ಟು ಹಣ ಬೀಳುತ್ತದೆ? ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಯವರು ಕೇಳಲೇಬೇಕಾದ ಮೂರನೆಯ ಪ್ರಶ್ನೆಯೊಂದುಂಟು: ಇದರಲ್ಲಿ ಕನ್ನಡ ಬರುವುದೇ? ಡಿಶ್ ಹಾಕಿಸುವ ದಿನದಲ್ಲಿ ಏನೇನು ನಡೆಯುತ್ತದೆ, ಏನನ್ನು ನೋಡಿಕೊಳ್ಳಬೇಕು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಈ ಸೀಮೆಗೂ ಉಪಗ್ರಹಕ್ಕೂ ಇರುವ ನಂಟು

1956ರ ರಾಜ್ಯಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಾರಾಯಣಖೇಡ್ ತಾಲೂಕೂ ಜಹೀರಾಬಾದ್ ತಾಲೂಕಿನ ಬಹುಭಾಗವೂ, ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕೂ ಆಂಧ್ರಪ್ರದೇಶಕ್ಕೆ ಸೇರಿದವು. ಹೀಗೆ ಇಲ್ಲಿಯ ಕನ್ನಡ ಮನೆಗಳು ಗಡಿಯ ಆಚೆ ಉಳಿದುವು. ಅನಂತರ ಹತ್ತೊಂಬತ್ತು ವರ್ಷಗಳಿಗೆ, 1975ರ ಆಗಸ್ಟ್ 1ರಂದು, ಭಾರತದಲ್ಲಿ ಉಪಗ್ರಹ ದೂರದರ್ಶನದ ಮಹಾಪ್ರಯೋಗವೊಂದು ಆರಂಭವಾಯಿತು. ‘ಸೈಟ್’ ಎಂದು ಪ್ರಸಿದ್ಧವಾದ ಈ ಪ್ರಯೋಗವು 1976ರ ಜುಲೈ 31ರವರೆಗೆ ನಡೆಯಿತು. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನೂ, ಆಂಧ್ರದಲ್ಲಿ ಹೈದರಾಬಾದ್, ಮೆದಕ್, ಮಹಬೂಬನಗರ, ಕರ್ನೂಲು ಜಿಲ್ಲೆಗಳನ್ನೂ ಇದಕ್ಕೆ ಆರಿಸಲಾಗಿತ್ತು. ಕೊಹೀರ್ ಆಗ ಮೆದಕ್ ಜಿಲ್ಲೆಯಲ್ಲಿತ್ತು. ತಾಂಡೂರು ಹೈದರಾಬಾದ್ ಜಿಲ್ಲೆಯಲ್ಲಿತ್ತು.

ಬೆಳಿಗ್ಗೆ ಶಾಲಾ ಮಕ್ಕಳಿಗಾಗಿ, ಸಂಜೆ ಊರಿನ ಜನರಿಗಾಗಿ ಪ್ರಸಾರವಿರುತ್ತಿತ್ತು. ಕರ್ನಾಟಕದ ಹಳ್ಳಿಗಳಿಗೆ ಕನ್ನಡ, ಆಂಧ್ರದ ಹಳ್ಳಿಗಳಿಗೆ ತೆಲುಗು ಎಂದು ನಿಗದಿಯಾಗಿತ್ತು. ಆಕಾಶದಲ್ಲಿದ್ದ ಉಪಗ್ರಹ ಒಂದೇ ಆದರೂ ಯಾವ ಹಳ್ಳಿಯು ಯಾವ ಭಾಷೆಯನ್ನು ಕೇಳಬೇಕೆಂಬುದನ್ನು ರಾಜ್ಯದ ಗಡಿಯು ನಿರ್ಣಯಿಸಿತ್ತು. ಇಂದು ಆ ನಿರ್ಣಯವು ಮನೆಯವರ ಕೈಗೆ ಬಂದಿದೆ. ಈ ಲೇಖನದ ಮುಖ್ಯಾಂಶವೂ ಇದೇ ಆಗಿದೆ.

ಉಪಗ್ರಹವು ಅಲುಗದೆ ನಿಲ್ಲುವುದು ಹೇಗೆ?

ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯು ತನ್ನ ಸುತ್ತ ತಿರುಗುವಷ್ಟೇ ಕಾಲದಲ್ಲಿ ಒಂದು ಪ್ರದಕ್ಷಿಣೆಯನ್ನು ಮುಗಿಸುತ್ತದೆ. ಆದುದರಿಂದ ನಮ್ಮ ಕಣ್ಣಿಗೆ ಅದು ಆಕಾಶದ ಒಂದೇ ಬಿಂದುವಿನಲ್ಲಿ ಕೀಲಿಸಿ ನಿಂತಂತೆ ಇರುತ್ತದೆ. ಇಂತಹ ಮೂರು ಉಪಗ್ರಹಗಳಿಂದ ಭೂಮಂಡಲಕ್ಕೆಲ್ಲ ಸುದ್ದಿ ಮುಟ್ಟಿಸಬಹುದೆಂದು ಆರ್ಥರ್ ಕ್ಲಾರ್ಕ್ ಎಂಬ ಲೇಖಕರು 1945ರಲ್ಲಿಯೇ ಬರೆದಿದ್ದರು. ಅದೇ ಕ್ಲಾರ್ಕರ ಕೊಲಂಬೊ ನಗರದ ಮನೆಯಲ್ಲಿ ಸೈಟ್ ಪ್ರಯೋಗದ ಕಾಲಕ್ಕೆ ಭಾರತದ ಬಾಹ್ಯಾಕಾಶ ಸಂಸ್ಥೆಯ ಎಂಜಿನಿಯರರು ಡಿಶ್ ಒಂದನ್ನು ಹಾಕಿಕೊಟ್ಟರು ಎಂಬುದು ಸ್ವಾರಸ್ಯದ ಸಂಗತಿ.

ಅಂದಿನ ಡಿಶ್ ಮೂರು ಮೀಟರ್ ಅಗಲವಾಗಿತ್ತು. ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಅದನ್ನು ಮಾಡಿದ್ದರು. ಆ ಪ್ರಸಾರದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್ ಇದ್ದುದರಿಂದ ಬಲೆಯ ಸಣ್ಣ ಕಂಡಿಗಳ ಮೂಲಕ ಅದು ಸೋರಿ ಹೋಗುತ್ತಿರಲಿಲ್ಲ. ಇಂದಿನ ಮನೆಯ ಡಿಶ್‌ಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ. ಆದುದರಿಂದ ಇಂದಿನದು ಗಟ್ಟಿ ತಗಡಿನದು. ಆದರೆ ಉಪಗ್ರಹದ ಶಕ್ತಿ ಹೆಚ್ಚಿರುವ ಕಾರಣ ಅರವತ್ತು ಸೆಂಟಿಮೀಟರ್ ಅಗಲವೇ ಸಾಮಾನ್ಯವಾಗಿ ಸಾಕಾಗುತ್ತದೆ. ಬೋಗುಣಿಯು ಅಲೆಗಳನ್ನು ಒಂದೆಡೆಗೆ ಕೂಡಿಸುತ್ತದೆ. ಅದರ ಮುಂದೆ ಕೈಯಂತೆ ಚಾಚಿದ ಸರಳಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಪುಟ್ಟ ಯಂತ್ರವು ಅವನ್ನು ಹಿಡಿದು, ಬಲಪಡಿಸಿ, ತಂತಿಯಲ್ಲಿ ಸಾಗುವಂತೆ ಮಾರ್ಪಡಿಸುತ್ತದೆ. ಮನೆಯೊಳಗಿನ ಸೆಟ್ ಟಾಪ್ ಬಾಕ್ಸ್ ಅದರಿಂದ ಚಿತ್ರವನ್ನೂ ಧ್ವನಿಯನ್ನೂ ಬಿಡಿಸಿ ಟೀವಿಗೆ ಕೊಡುತ್ತದೆ.

ಸ್ಥಳವನ್ನು ಆರಿಸುವುದು

ಡಿಶ್ ಹಾಕುವವರು ಬಂದಾಗ ಮೊದಲು ನೋಡುವುದು ದಿಕ್ಕನ್ನು. ಸರಕಾರದ ದೂರದರ್ಶನವು 2004ರಲ್ಲಿ ಆರಂಭಿಸಿದ, ಈಗ ಡಿಡಿ ಫ್ರೀ ಡಿಶ್ ಎಂಬ ಹೆಸರಿನ ಸೇವೆಯು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಕೊಹೀರಿನಿಂದ ನಾವು ಲೆಕ್ಕ ಹಾಕಿದಂತೆ ಅದು ಹೆಚ್ಚುಕಡಿಮೆ ನೇರ ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 62 ಡಿಗ್ರಿ ಮೇಲಕ್ಕೆ ಇದೆ. 83 ಡಿಗ್ರಿಯ ಉಪಗ್ರಹವನ್ನು ಬಳಸುವ ಸೇವೆಯಾದರೆ ದಿಕ್ಕು ದಕ್ಷಿಣಕ್ಕೆ ಸಮೀಪವಾಗಿ ಎತ್ತರ 68 ಡಿಗ್ರಿಯಷ್ಟಾಗುತ್ತದೆ, 108.2 ಡಿಗ್ರಿಯದಾದರೆ ಪೂರ್ವದ ಕಡೆಗೆ ಹೆಚ್ಚು ಹೊರಳಿ ಎತ್ತರ 50 ಡಿಗ್ರಿಗೆ ಇಳಿಯುತ್ತದೆ. ನಾರಾಯಣಖೇಡ್, ತಾಂಡೂರುಗಳಿಗೆ ಇದರಲ್ಲಿ ಬಹಳ ಅಂತರವಿಲ್ಲ. ಬೋಗುಣಿಯ ಮುಖವು ಇಷ್ಟು ಮೇಲಕ್ಕೆ ನೋಡುತ್ತಿಲ್ಲವಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಎಲ್‌ಎನ್‌ಬಿಯು ನಡುವಿನಲ್ಲಿರದೆ ಕೆಳಗಡೆ ಇರುವಂತೆ ಬೋಗುಣಿಯನ್ನು ರೂಪಿಸಿರುವುದೇ ಇದಕ್ಕೆ ಕಾರಣ. ಅಲೆಯು ಮೇಲಿನಿಂದ ಬಂದು ತಗಡಿಗೆ ತಾಗಿ ಕೆಳಗೆ ಪುಟಿಯುತ್ತದೆ.

ಡಿಶ್‌ಗೂ ಉಪಗ್ರಹಕ್ಕೂ ನಡುವೆ ಗೋಡೆ, ನೀರಿನ ತೊಟ್ಟಿ, ಮರ ಯಾವುದೂ ಅಡ್ಡ ಬರಬಾರದು. ಫ್ರೀ ಡಿಶ್ ಆದರೆ, ಆಗ್ನೇಯ ದಿಕ್ಕಿನಲ್ಲಿ ಬೋಗುಣಿಗಿಂತ ಹತ್ತು ಅಡಿ ಎತ್ತರವಾದ ಗೋಡೆಯಿದ್ದಲ್ಲಿ ಅದರಿಂದ ಆರು ಅಡಿಯಷ್ಟಾದರೂ ದೂರ ಬಿಡಬೇಕು. ಬೇವಿನ ಮರದ ಬಗ್ಗೆ ಇನ್ನಷ್ಟು ಎಚ್ಚರಿಕೆ ಬೇಕು. ಮಾಗಿಯಲ್ಲಿ ಎಲೆಯುದುರಿದ ಕೊಂಬೆಯು ಚಿತ್ರವನ್ನು ಬಿಟ್ಟುಕೊಟ್ಟು, ಚಿಗುರಿದ ಮೇಲೆ ತಡೆಯುವುದುಂಟು.

ಇದನ್ನು ಪರೀಕ್ಷಿಸಲು ಸೂರ್ಯನೇ ನೆರವಾಗುತ್ತಾನೆ. ಮಾರ್ಚ್ ತಿಂಗಳ ಮಧ್ಯದಲ್ಲಿಯೂ ಅಕ್ಟೋಬರ್ ಆರಂಭದಲ್ಲಿಯೂ ಬೆಳಿಗ್ಗೆ ಸುಮಾರು 11 ಗಂಟೆಗೆ ಸೂರ್ಯನು ಕೊಹೀರಿನ ಆಕಾಶದಲ್ಲಿ ಜಿಸ್ಯಾಟ್-15 ಇರುವ ಸ್ಥಾನಕ್ಕೆ ಬರುತ್ತಾನೆ. ಆ ಹೊತ್ತಿನಲ್ಲಿ ಮಾಳಿಗೆಯ ಯಾವ ಸ್ಥಳದ ಮೇಲೆ ಬಿಸಿಲು ಬೀಳುವುದೋ ಅಲ್ಲಿಗೆ ಉಪಗ್ರಹದ ಅಲೆಯೂ ತಲುಪುವುದು. ನೆರಳು ಬೀಳುವಲ್ಲಿ ಡಿಶ್ ನಿಲ್ಲಿಸಿ ಪ್ರಯೋಜನವಿಲ್ಲ.

ಹಾಕುವಾಗಿನ ಎಚ್ಚರಿಕೆಗಳು

ಬೋಗುಣಿಯ ಕಾಲನ್ನು ಗಟ್ಟಿಯಾದ ಗೋಡೆಗೆ ಅಥವಾ ಕಾಂಕ್ರೀಟಿಗೆ ಬೋಲ್ಟು ಹಾಕಿ ಬಿಗಿಸಬೇಕು. ಮಣ್ಣಿನ ಮಾಳಿಗೆಯಲ್ಲಿ ಕಲ್ಲು ಹೇರಿ ನಿಲ್ಲಿಸಿದ ಡಿಶ್ ಮುಂಗಾರಿನ ಮೊದಲ ಗಾಳಿಗೇ ಹೊರಳುತ್ತದೆ. ಎರಡು ಡಿಗ್ರಿ ಹೊರಳಿದರೂ ಚಿತ್ರವು ಕೆಡುವುದು. ತಂತಿಯು ಮನೆಯೊಳಗೆ ಹೋಗುವ ತೂತಿನ ಮುಂಚೆ ಅದನ್ನು ತುಸು ಕೆಳಗೆ ಬಾಗಿಸಿ ಮೇಲೆತ್ತಿರಬೇಕು. ಹಾಗೆ ಮಾಡಿದರೆ ಮಳೆಯ ನೀರು ಬಾಗಿದಲ್ಲಿಯೇ ತೊಟ್ಟಿಕ್ಕಿ ಬೀಳುತ್ತದೆ, ತಂತಿಯ ಗುಂಟ ಒಳಗೆ ಇಳಿಯುವುದಿಲ್ಲ. ವಿದ್ಯುತ್ ತಂತಿಗಳ ಹತ್ತಿರ ಡಿಶ್ ನಿಲ್ಲಿಸುವುದು ಎಂದಿಗೂ ಸಲ್ಲದು. ಗುಡುಗು ಮಿಂಚು ಬರುವ ಮುನ್ಸೂಚನೆ ಕಂಡ ಕೂಡಲೇ ಬಾಕ್ಸಿನ ವಿದ್ಯುತ್ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಬಿಚ್ಚಿಡುವುದು ಒಳ್ಳೆಯದು. ಮಿಂಚು ಆರಂಭವಾದ ಮೇಲೆ ತಂತಿಯನ್ನು ಮುಟ್ಟಬಾರದು. ವಿದ್ಯಾರ್ಥಿಗಳಿಗೆ ನಮ್ಮ ಮಾತು ಇಷ್ಟೇ: ಚಿತ್ರ ನಿಂತಿತೆಂದು ಬೋಗುಣಿ ತಿರುಗಿಸಲು ನೀವು ಮಾಳಿಗೆ ಹತ್ತಬೇಡಿರಿ.

ಎಲ್ಲ ಜೋಡಿಸಿದ ಮೇಲೆ ಟೀವಿಯ ಪರದೆಯ ಮೇಲೆ ಎರಡು ಪಟ್ಟಿಗಳು ಕಾಣುತ್ತವೆ. ಒಂದು ಸಿಗ್ನಲಿನ ಬಲ, ಇನ್ನೊಂದು ಅದರ ಗುಣ. ಬಲ ಹೆಚ್ಚಿದ್ದು ಗುಣವು ಸೊನ್ನೆಯಾಗಿದ್ದರೆ ಬೋಗುಣಿಯು ಬೇರೆ ಕಡೆಗೆ ನೋಡುತ್ತಿದೆ ಎಂದು ತಿಳಿಯಬೇಕು. ಹಾಕಿದವರು ಹೋಗುವ ಮುನ್ನ ಗುಣದ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಮುಂದೆ ಚಿತ್ರ ಕೆಟ್ಟಾಗ ಆ ಅಂಕಿಯೇ ಸಾಕ್ಷಿಯಾಗುವುದು.

ದೋಷವಲ್ಲದ ಎರಡು ತೊಂದರೆಗಳು

ದೊಡ್ಡ ಮಳೆ ಬಂದಾಗ ಚಿತ್ರವು ಚೌಕ ಚೌಕವಾಗಿ ಒಡೆದು ನಿಲ್ಲುತ್ತದೆ. ಎರಡೂವರೆ ಸೆಂಟಿಮೀಟರಿನ ಸಣ್ಣ ಅಲೆಯನ್ನು ಮಳೆಯ ಹನಿಗಳು ಹೀರಿ ಚದುರಿಸುವುದೇ ಇದಕ್ಕೆ ಕಾರಣ. ಮಳೆಯ ರಭಸ ತಗ್ಗಿದರೆ ಚಿತ್ರ ತಾನೇ ಮರಳುತ್ತದೆ. ಮೇಲೆ ಹೇಳಿದಂತೆ ಸೂರ್ಯನು ಉಪಗ್ರಹದ ಹಿಂದೆಯೇ ಬಂದು ನಿಲ್ಲುವ ದಿನಗಳಲ್ಲಿ ಅವನ ಕಿರಣಗಳೊಡನೆ ಬರುವ ರೇಡಿಯೋ ಗದ್ದಲವು ಕೆಲವು ನಿಮಿಷ ಚಿತ್ರವನ್ನು ಮುಚ್ಚಿಬಿಡಬಹುದು. ಈ ಎರಡಕ್ಕೂ ರಿಪೇರಿಯವರನ್ನು ಕರೆಯಿಸಿ ಹಣ ಕೊಡಬೇಕಾಗಿಲ್ಲ.

ಹಣ ಮತ್ತು ಕಾಗದಪತ್ರ

ಫ್ರೀ ಡಿಶ್‌ಗೆ ಸಾಮಾನಿನ ಬೆಲೆಯನ್ನೂ ಹಾಕುವ ಕೂಲಿಯನ್ನೂ ಒಂದು ಸಲ ಕೊಟ್ಟರಾಯಿತು, ತಿಂಗಳ ಶುಲ್ಕವಿಲ್ಲ. ಅದನ್ನು ಹಾಕಿಸಿದ ಮೇಲೆ ಯಾರಾದರೂ ತಿಂಗಳ ಹಣ ಕೇಳಿದರೆ ಕೊಡಬೇಡಿರಿ. ಖಾಸಗಿ ಕಂಪನಿಗಳ ಸೇವೆಗೆ ರೀಚಾರ್ಜ್ ಮಾಡಿಸುತ್ತಿರಬೇಕು. ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲವಾದುದರಿಂದ ಮೊದಲೇ ಯೋಚಿಸಿ ಆರಿಸುವುದು ಲೇಸು. ಬಾಕ್ಸ್ ನಿಮ್ಮ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳಿರಿ. ಅರ್ಜಿಯ ಪ್ರತಿಯನ್ನೂ ಹಣದ ರಸೀದಿಯನ್ನೂ ಪಡೆದುಕೊಳ್ಳಿರಿ. ಅರ್ಜಿಯು ಇಂಗ್ಲಿಷಿನಲ್ಲಿದ್ದರೆ ಮೇಲಿನ ತರಗತಿಯ ಮಕ್ಕಳು ಅದನ್ನು ತಂದೆತಾಯಿಯರಿಗೆ ಓದಿ ಹೇಳಬೇಕು. ಕಲಿತ ವಿದ್ಯೆಯು ಮನೆಗೆ ಒದಗುವುದು ಇಂತಹ ಸಮಯದಲ್ಲಿಯೇ.

ಕನ್ನಡವನ್ನು ಕೇಳಿ ಪಡೆಯುವುದು

ಈಗ ಮೂರನೆಯ ಪ್ರಶ್ನೆಗೆ ಬರೋಣ. ಖಾಸಗಿ ಸೇವೆಯನ್ನು ಹಾಕಿಸುವಾಗ ನಮ್ಮ ಊರು ತೆಲಂಗಾಣದಲ್ಲಿದೆ ಎಂಬ ಕಾರಣದಿಂದ ತೆಲುಗು ಚಾನೆಲ್‌ಗಳ ಕಟ್ಟನ್ನೇ ಹಾಕಿ ಹೋಗುವುದು ಸಹಜ. ತೆಲುಗು ನಮ್ಮ ನೆರೆಹೊರೆಯ ಭಾಷೆ, ಪೇಟೆಯ ಭಾಷೆ. ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಅದರೊಡನೆ ಕನ್ನಡವೂ ಇರಬೇಕಾದರೆ ಬಾಯಿ ಬಿಟ್ಟು ಕೇಳಬೇಕು. 2019ರಲ್ಲಿ ಜಾರಿಗೆ ಬಂದ ನಿಯಮದಂತೆ ಗ್ರಾಹಕನು ತನಗೆ ಬೇಕಾದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಬಹುದು. ಕಟ್ಟುಗಟ್ಟಲೆ ಕೊಳ್ಳಲೇಬೇಕೆಂಬ ಬಲವಂತವಿಲ್ಲ. ಉಪಗ್ರಹದ ಅಲೆಗೆ ರಾಜ್ಯದ ಗಡಿ ತಿಳಿಯದು. ಬೀದರಿನ ಮಾಳಿಗೆಗೆ ಇಳಿಯುವ ಕನ್ನಡ ಕೊಹೀರಿನ ಮಾಳಿಗೆಗೂ ಇಳಿಯುತ್ತಲೇ ಇರುತ್ತದೆ. ಬಾಕ್ಸಿನಲ್ಲಿ ಅದಕ್ಕೆ ಬಾಗಿಲು ತೆರೆದಿರಬೇಕು, ಅಷ್ಟೇ.

ಫ್ರೀ ಡಿಶ್ ಇದ್ದವರಿಗೆ ಬೆಂಗಳೂರು ದೂರದರ್ಶನದ ಚಂದನ ವಾಹಿನಿಯು ಖರ್ಚಿಲ್ಲದೆ ದೊರೆಯುತ್ತದೆ. ಆದುದರಿಂದ ಹಾಕಿದವರು ಹೊರಡುವ ಮುನ್ನ ಚಂದನವನ್ನು ತೆರೆದು ತೋರಿಸಲು ಹೇಳಿ, ಅದರ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿರಿ. ಪಟ್ಟಿಯಲ್ಲಿ ಕಾಣದಿದ್ದರೆ ಬಾಕ್ಸಿನಲ್ಲಿ ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಬೇಕು. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ 2020–21ರಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯ ಕನ್ನಡ ಪಾಠಗಳು ಚಂದನದಲ್ಲಿಯೇ ಪ್ರಸಾರವಾದುವು. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯೂ ಈ ವಾಹಿನಿಯದೇ; ಅದರಲ್ಲಿ ಸರಿಯುತ್ತರ ಹೇಳಿದವರಿಗೆ ಬಹುಮಾನವಾಗಿ ಪುಸ್ತಕಗಳನ್ನು ಕೊಡುವುದು ಎಲ್ಲರಿಗೂ ಮೆಚ್ಚಾದ ಕ್ರಮ. ಇನ್ನು ಕೆಲವು ವಾಹಿನಿಗಳಲ್ಲಿ ಒಂದೇ ಚಿತ್ರಕ್ಕೆ ಹಲವು ಭಾಷೆಗಳ ಧ್ವನಿ ಇರುತ್ತದೆ. ರಿಮೋಟಿನಲ್ಲಿ ಭಾಷೆ ಬದಲಿಸುವ ಗುಂಡಿಯನ್ನು ಒತ್ತಿ, ಕನ್ನಡವಿದೆಯೇ ಎಂದು ನೋಡಿರಿ.

ಇಷ್ಟಕ್ಕೆ ಇಷ್ಟೊಂದು ಹೇಳಬೇಕೇ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಮಕ್ಕಳಿಗೆ ಶಿಷ್ಟವಾದ ಕನ್ನಡವು ಕಿವಿಗೆ ಬೀಳುವ ಸ್ಥಳಗಳು ಎಷ್ಟಿವೆ ಎಂದು ಎಣಿಸಿ ನೋಡಿದರೆ ಉತ್ತರ ತಿಳಿಯುತ್ತದೆ. ಬಸ್ಸಿನ ಫಲಕ, ಅಂಗಡಿಯ ಹೆಸರು, ಕಚೇರಿಯ ಕಾಗದ ಇವುಗಳಲ್ಲಿ ಕನ್ನಡ ಅಪರೂಪ. ಶಾಲೆಯಲ್ಲಿ ಗುರುಗಳು ಆಡುವ ಮಾತು, ಮನೆಯಲ್ಲಿ ಹಿರಿಯರು ಆಡುವ ಮಾತು ಇವೆರಡೇ ಉಳಿದುವು. ಸಂಜೆ ಅರ್ಧ ಗಂಟೆ ಕನ್ನಡದ ವಾರ್ತೆಯನ್ನೋ ರಸಪ್ರಶ್ನೆಯನ್ನೋ ಮನೆಮಂದಿ ಕೂಡಿ ನೋಡಿದರೆ, ಪಠ್ಯಪುಸ್ತಕದ ಪದಗಳಿಗೆ ಜೀವ ಬರುವುದು. ಮಕ್ಕಳಿಗೆ ನೋಡುವ ಹೊತ್ತನ್ನು ಪಾಲಕರು ಮೊದಲೇ ಗೊತ್ತುಮಾಡಲಿ. ಆ ಹೊತ್ತು ಮುಗಿದ ಮೇಲೆ ಟೀವಿ ಆರಿ ಪುಸ್ತಕ ತೆರೆಯಲಿ. ಮರುದಿನ ತರಗತಿಯಲ್ಲಿ, ನಿನ್ನೆ ಕೇಳಿದ ಹೊಸ ಪದವೊಂದನ್ನು ಗುರುಗಳ ಮುಂದೆ ಹೇಳಿ ಅದರ ಅರ್ಥವನ್ನು ಕೇಳುವ ವಿದ್ಯಾರ್ಥಿಯ ಮನೆಯಲ್ಲಿ ಡಿಶ್ಶಿಗೆ ಕೊಟ್ಟ ಹಣವು ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.