ಎಳೆಗೂಸಿಗೆ ತಿಂಗಳಿಗೆ ಎಷ್ಟು ಖರ್ಚು?

ಪ್ರಶ್ನೆ: ಮನೆಗೆ ಮೊದಲ ಮಗು ಬರಲಿದೆ. ವರ್ಷ ತುಂಬುವವರೆಗೆ ತಿಂಗಳಿಗೆ ಎಷ್ಟು ಹಣ ತೆಗೆದಿಡಬೇಕು?
– ಓದುಗರು, ಬಾಡ, ಕುಮಟಾ ತಾಲ್ಲೂಕು

ಉತ್ತರ: ಮಗುವಿಗೆ ಯಾವ ಹಾಲು, ಯಾವ ಬಟ್ಟೆ ಎಂಬುದರ ಮೇಲೆ ಲೆಕ್ಕ ನಿಂತಿದೆ.

ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಡಬ್ಬದ ಹಾಲೇ ಆಧಾರವಾದರೆ ನಾಲ್ಕು ತಿಂಗಳ ಕೂಸಿಗೆ ದಿನಕ್ಕೆ ಸುಮಾರು 100 ಗ್ರಾಂ ಪುಡಿ ಬೇಕು. 400 ಗ್ರಾಂ ಡಬ್ಬಕ್ಕೆ 400 ರೂ. ಹಿಡಿದರೂ ತಿಂಗಳಿಗೆ 3,000 ರೂ. ಆಗುತ್ತದೆ. ವೈದ್ಯರು ಹೇಳದೆ ಅದನ್ನು ಕೊಳ್ಳಬೇಡಿ.

ಡೈಪರ್‌ಗೆ 10 ರೂ.ನಂತೆ ದಿನಕ್ಕೆ ಐದು ಬಳಸಿದರೆ 1,500 ರೂ. ಹಗಲಿಗೆ ಹಳೆಯ ಹತ್ತಿ ಸೀರೆಯ ತುಂಡು, ರಾತ್ರಿಗೊಂದು ಡೈಪರ್ ಎಂದರೆ 300 ರೂ. ಸಾಕು. ಆದರೆ ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಿ.

ಸರ್ಕಾರಿ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಪಟ್ಟಿಯ ಲಸಿಕೆಗಳೆಲ್ಲ ಉಚಿತ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅಲ್ಲಿ ಹೆರಿಗೆಗೂ ಹಣವಿಲ್ಲ. ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂ. ಕಂತಿನಲ್ಲಿ ಸಿಗುತ್ತದೆ, ಅಂಗನವಾಡಿಯಲ್ಲಿ ಈಗಲೇ ಹೆಸರು ಬರೆಸಿ.

ಆರು ತಿಂಗಳ ನಂತರ ರಾಗಿ ಮಣ್ಣಿ, ಮೆತ್ತಗಿನ ಅನ್ನ-ಬೇಳೆ, ಮುಳ್ಳು ತೆಗೆದ ಮೀನು ಮನೆಯ ಅಡುಗೆಯಲ್ಲೇ ಆಗುತ್ತವೆ. ಅಂಗನವಾಡಿಯ ಪೂರಕ ಆಹಾರವೂ ಸಿಗುತ್ತದೆ.

ಎಣ್ಣೆ, ಸೋಪು, ಓಡಾಟ ಸೇರಿಸಿ ತಿಂಗಳಿಗೆ 1,500 ರೂ. ಇಡಿ. ಡಬ್ಬದ ಹಾಲು, ದಿನವಿಡೀ ಡೈಪರ್ ಬೇಕಾದರೆ 5,000 ರೂ. ದಾಟುತ್ತದೆ. ಏನನ್ನು ಕಡಿಮೆ ಮಾಡಿದರೂ ಬಾಳಂತಿಯ ಊಟದಲ್ಲಿ ಮಾತ್ರ ಉಳಿತಾಯ ಮಾಡಬೇಡಿ.