ವಾಟ್ ಮಿಸಾಕಾನ ಚೆಂಡಾಟ

ಐದಡಿ ಏಳಂಗುಲದವನು ಬ್ಯಾಸ್ಕೆಟ್‌ಬಾಲಿನಲ್ಲಿ ಏನು ಮಾಡಬಲ್ಲನೆಂಬವರಿಗೆ ನಾವು ಯೂಟಾ ವಿಶ್ವವಿದ್ಯಾನಿಲಯದ ಗಾರ್ಡ್ ವಾಟ್ ಮಿಸಾಕಾನನ್ನು ತೋರಿಸುವೆವು. ಜಪಾನೀ ತಂದೆತಾಯಿಗಳಿಗೆ ಅಮೆರಿಕಾದ ಆಗ್ಡನ್ ಪಟ್ಟಣದಲ್ಲಿ 1923ರಲ್ಲಿ ಜನಿಸಿದ ಈತನು 1944ರಲ್ಲಿ ತನ್ನ ತಂಡದೊಡನೆ ರಾಷ್ಟ್ರೀಯ ಕಾಲೇಜು ಪಂದ್ಯವನ್ನು ಗೆದ್ದನು. ಅದೇ ವರ್ಷ, ಅದೇ ಯೂಟಾದ ಟೋಪಾಜ್ ಶಿಬಿರದಲ್ಲಿ ಆತನ ಕುಲದವರು ಸಾವಿರಾರು ಮಂದಿ ಮುಳ್ಳುತಂತಿಯೊಳಗಿದ್ದರು. ಅವರ ಅಪರಾಧವೆಂದರೆ ಅವರ ಮುಖಚರ್ಯೆ! ಗೆದ್ದು ಬಂದವನಿಗೆ ಸೈನ್ಯದ ಕರೆ ಕಾದಿದ್ದಿತು. ಬೆಂದ ಹಿರೋಷಿಮಾವನ್ನೂ ಕಂಡು ಮರಳಿದವನು 1947ರಲ್ಲಿ ನ್ಯೂಯಾರ್ಕಿನ ಅಂತಿಮ ಪಂದ್ಯದಲ್ಲಿ ಕೆಂಟಕಿಯ ಹೆಸರಾಂತ ರಾಲ್ಫ್ ಬಿಯರ್ಡನಿಗೆ ಒಂದೇ ಅಂಕ ದೊರೆಯುವಂತೆ ಕಟ್ಟಿಹಾಕಿದನು. ಯೂಟಾ 49–45ರಿಂದ ಗೆದ್ದಿತು. ಆ ವರ್ಷವೇ ನ್ಯೂಯಾರ್ಕಿನ ನಿಕ್ಸ್ ತಂಡವು ಆತನನ್ನು ಸೇರಿಸಿಕೊಂಡಿತು. ಆ ವೃತ್ತಿಕೂಟದಲ್ಲಿ ಆಡಿದ ಬಿಳಿಯರಲ್ಲದವರಲ್ಲಿ ಆತನೇ ಮೊದಲಿಗನು. ಮೂರು ಆಟ, ಏಳು ಅಂಕ, ಆಮೇಲೆ ಬಿಡುಗಡೆ. ಆತನು ವರ್ಣದ್ವೇಷವನ್ನು ದೂರಲಿಲ್ಲ. ನಾವಾದರೆ ಅಷ್ಟು ಸುಲಭವಾಗಿ ಸುಮ್ಮನಿರಲಾರೆವು. ಊರಿಗೆ ಮರಳಿ ಎಂಜಿನಿಯರನಾಗಿ ದುಡಿದು, 2019ರಲ್ಲಿ ಕಾಲವಾದನು.